ನೇತ್ರಾಣಿಯಲ್ಲಿ ನಾವು ನೋಡದೆ ಬಂದದ್ದು

ಸ್ಕೂಬಾ ಅಂದರೆ ನೇತ್ರಾಣಿ ಎಂಬ ಮಾತು ಈಗ ಕಲಬುರಗಿ, ಕಮಲಾಪುರದ ಹುಡುಗರ ಬಾಯಲ್ಲೂ ಇದೆ. 2022ರಲ್ಲಿ ತೆರೆಕಂಡ ಅಮೋಘವರ್ಷರ ‘ಗಂಧದ ಗುಡಿ’ಯಲ್ಲಿ ಪುನೀತ್ ರಾಜ್‌ಕುಮಾರ್ ಅಲ್ಲಿನ ನೀರಿಗಿಳಿದದ್ದನ್ನು ಕಂಡ ಮೇಲಂತೂ ಆ ಹೆಸರು ಮನೆಮಾತಾಯಿತು. ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ಈ ಪುಟ್ಟ ದ್ವೀಪವನ್ನು ಪ್ರವಾಸ ಲೇಖಕರು ಅಂಡಮಾನಿಗೆ ಸಮ ಎಂದು ಹೊಗಳುತ್ತಾರೆ. ದ್ವೀಪಕ್ಕೆ ಹೊಗಳಿಕೆ ಸಲ್ಲುತ್ತದೆ. ಆದರೆ ಅಲ್ಲಿ ಹೊಸಬರಿಗೆ ಮಾರುತ್ತಿರುವ ಡೈವಿಗೆ ಅದು ಸಲ್ಲದು.

ಅಲ್ಲಿ ನೀರಿಗಿಳಿದು ಬಂದ ಹೊಸಬರೆಲ್ಲರ ಮೊಬೈಲಿನಲ್ಲೂ ಇರುವ ಫೋಟೊವನ್ನೇ ಸ್ವಲ್ಪ ಹೊತ್ತು ನೋಡೋಣ. ಹುಡುಗ ತಳದಲ್ಲಿ ಮಂಡಿಯೂರಿದ್ದಾನೆ, ಇಲ್ಲವೇ ಒಂದು ಕೈಯಿಂದ ಬಂಡೆ ಹಿಡಿದಿದ್ದಾನೆ. ಮುಖ ಕ್ಯಾಮೆರಾದ ಕಡೆ, ಬೆನ್ನು ಹವಳದ ಕಡೆ. ಹಿಂದಿನಿಂದ ಸಿಲಿಂಡರ್ ಹಿಡಿದಿರುವವನು ತರಬೇತುದಾರ. ಮಂಡಿ ಯಾಕೆ ಊರಬೇಕಾಯಿತು? ಅವನಿಗೆ ನೀರಿನ ನಡುವೆ ನಿಲ್ಲಲು ಬಾರದು. ಸ್ಕೂಬಾದ ವಿದ್ಯೆಯೆಲ್ಲ ಇರುವುದು ಅದರಲ್ಲೇ. ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲಿನದಕ್ಕಿಂತ ಎರಡರಷ್ಟಾಗುತ್ತದೆ. ತೇಲಲೆಂದು ತೊಟ್ಟ ಜಾಕೆಟ್ಟಿನ ಗಾಳಿ ಕುಗ್ಗಿ ದೇಹ ಇನ್ನಷ್ಟು ಕೆಳಗಿಳಿಯುತ್ತದೆ. ಬಲ್ಲವನು ಜಾಕೆಟ್ಟಿಗೆ ತುಸು ಗಾಳಿ ತುಂಬಿ, ಮಿಕ್ಕಿದ್ದನ್ನು ಉಸಿರಿಗೆ ವಹಿಸುತ್ತಾನೆ. ಆಳವಾಗಿ ಎಳೆದುಕೊಂಡರೆ ಮೆಲ್ಲಗೆ ಏರುತ್ತಾನೆ, ನಿಧಾನ ಬಿಟ್ಟರೆ ಇಳಿಯುತ್ತಾನೆ. ಉಸಿರು ಬಿಗಿಹಿಡಿಯುವುದು ಮಾತ್ರ ಎಂದೂ ಸಲ್ಲದು; ಹಿಡಿದು ಮೇಲೆದ್ದರೆ ಹಿಗ್ಗಿದ ಗಾಳಿ ಶ್ವಾಸಕೋಶವನ್ನೇ ಹರಿಯಬಹುದು.

ದೋಣಿಯ ಮೇಲಿನ ಚುಟುಕು ಪಾಠದಿಂದ ಈ ಹದ ಬರುವುದಿಲ್ಲ. ಆದ್ದರಿಂದ ಏರಿಳಿತವೆಲ್ಲ ಹಿಂದಿನವನ ಕೈಯಲ್ಲಿ. ಸುರಕ್ಷತೆಗೆ ಅದು ಬೇಕೇ ಬೇಕು, ಅದಕ್ಕೆ ನನ್ನ ಆಕ್ಷೇಪವಿಲ್ಲ. ಆಕ್ಷೇಪವಿರುವುದು, ಹೀಗೆ ಹೊತ್ತು ತಂದವನನ್ನು ಚಿತ್ರಕ್ಕಾಗಿ ಹವಳದ ಪಕ್ಕದಲ್ಲೇ ಕೂರಿಸುವುದಕ್ಕೆ. ಅವನ ಕಾಲಿನ ರೆಕ್ಕೆ ಎಲ್ಲಿ ತಾಗುತ್ತಿದೆ ಎಂಬುದು ಅವನಿಗೆ ತಿಳಿಯುವುದಿಲ್ಲ. ತಾಗಿ ಮುರಿದದ್ದು ಬೇಗ ಮರಳಿ ಬೆಳೆಯದು: ಗುಂಡು ಹವಳ ವರ್ಷಕ್ಕೆ ಬೆಳೆಯುವುದು ಸುಮಾರು ಒಂದು ಸೆಂಟಿಮೀಟರ್. ನಾವು ಶಹಾಬಾದ್ ಫರಸಿಯ ಮೇಲೆ ಓಡಾಡಿ ಬೆಳೆದವರು; ಹವಳದಂತೆ ಸುಣ್ಣವೇ ಆದ ಆ ಕಲ್ಲೂ ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಪದರಪದರವಾಗಿ ಕೂತದ್ದು. ಸುಣ್ಣ ಕಲ್ಲಾಗಲು ಎಷ್ಟು ಕಾಲ ಬೇಕೆಂದು ನಮಗಾದರೂ ಗೊತ್ತಿರಬೇಕು.

ಫೋಟೊದ ಬಣ್ಣವನ್ನೂ ನಂಬಬೇಡಿ. ನೀರು ಮೊದಲು ನುಂಗುವುದು ಕೆಂಪನ್ನು. ಕಮಲಾಪುರದ ಕೆಂಬಾಳೆಯನ್ನು ಹತ್ತು ಮೀಟರ್ ಕೆಳಗೆ ಒಯ್ದರೆ ಅದು ಮಂಕು ಬೂದಾಗಿ ಕಾಣುತ್ತದೆ. ಚಿತ್ರದ ಕೆಂಪು ಹಳದಿಗಳು ದೀಪದಿಂದಲೋ ತಿದ್ದುವಿಕೆಯಿಂದಲೋ ಬಂದವು. ಅಲ್ಲಿನ ನಿಜವಾದ ನೀಲಿ ಹಸಿರಿಗೆ ಕಣ್ಣು ಒಗ್ಗಲು ಹೊತ್ತು ಬೇಕು. ಆಗ ಬಂಡೆಯ ಸಂದಿನ ಹಾವುಮೀನು, ಹವಳ ಕೆರೆದು ತಿನ್ನುವ ಗಿಳಿಮೀನು ಒಂದೊಂದಾಗಿ ಕಣ್ಣಿಗೆ ಬೀಳುತ್ತವೆ. ಕ್ಯಾಮೆರಾಕ್ಕೆ ಕೈಬೀಸಿ ಮೇಲೆದ್ದವನಿಗೆ ಆ ಹೊತ್ತು ಸಿಗುವುದೇ ಇಲ್ಲ.

ಇಷ್ಟು ಹೇಳಿದೊಡನೆ ಸ್ಕೂಬಾವನ್ನೇ ನಿಷೇಧಿಸಿ ಎನ್ನುವ ವಿಮರ್ಶಕರು ನನ್ನನ್ನು ತಮ್ಮ ಸಾಲಿಗೆ ಸೇರಿಸಿಕೊಳ್ಳಬಾರದು. ಮನುಷ್ಯ ಕಾಲಿಡದಿದ್ದರೆ ಹವಳ ಬದುಕುತ್ತದೆ ಎಂಬ ಅವರ ವಾದ ನೇತ್ರಾಣಿಯ ಚರಿತ್ರೆಯ ಮುಂದೆ ನಿಲ್ಲುವುದಿಲ್ಲ. ಬಿಳಿಹೊಟ್ಟೆಯ ಕಡಲಹದ್ದು ಗೂಡು ಕಟ್ಟುವ ಈ ದ್ವೀಪವನ್ನು ನೌಕಾಪಡೆ ಗುಂಡಿನ ಅಭ್ಯಾಸಕ್ಕೆ ಗುರಿಯಾಗಿ ಬಳಸಿದೆ. ಅದನ್ನು ಪ್ರಶ್ನಿಸಿದವರಿಗೆ ಬಲ ಬಂದದ್ದು ಅಲ್ಲಿನ ಜೀವರಾಶಿಯನ್ನು ಕಂಡು ದಾಖಲಿಸಿದವರಿಂದ. ಇನ್ನು ಸಮುದ್ರದ ಬಿಸಿಗೆ ನಿಷೇಧದ ಫಲಕ ಓದಲು ಬಾರದು. ನೀರು ಬೇಸಿಗೆಯ ಗರಿಷ್ಠ ಮಟ್ಟಕ್ಕಿಂತ ಒಂದು ಡಿಗ್ರಿ ಹೆಚ್ಚು ಕಾದು ವಾರಗಟ್ಟಲೆ ಹಾಗೇ ಉಳಿದರೆ ಸಾಕು, ಹವಳ ತನ್ನೊಳಗಿನ ಪಾಚಿಯನ್ನು ಹೊರದಬ್ಬಿ ಬಿಳಿಚಿಕೊಳ್ಳುತ್ತದೆ; 2024ರಲ್ಲಿ ಲಕ್ಷದ್ವೀಪ ಅದನ್ನು ಕಂಡಿತು. ಅಂಥ ಕಾಲದಲ್ಲಿ ಕೆಳಗಿಳಿದು ನೋಡಿ ಬಂದು ಹೇಳುವವರು ಬೇಕು. ನಿಷೇಧವಾದಿಗಳು ಆ ಸಾಕ್ಷಿಗಳನ್ನೇ ಕಳೆದುಕೊಳ್ಳಲು ಹೊರಟಿದ್ದಾರೆ. ಪ್ರವಾಸ ಲೇಖಕರಿಗೋ ಸಾಕ್ಷಿಗಳ ಬದಲು ಗಿರಾಕಿಗಳೇ ಸಾಕು.

ನೇತ್ರಾಣಿ ದೊಡ್ಡ ಕೃತಿ. ಹೊಸಬರ ಡೈವ್ ಅದರ ಮುಖಪುಟ ತೋರಿಸಿ ಪುಸ್ತಕ ಮುಚ್ಚುತ್ತದೆ. ನಮ್ಮ ಕಡೆಯಿಂದ ಅಷ್ಟು ದೂರ ಹೋಗುವವರು ಮೊದಲು ಊರಿನ ಈಜುಕೊಳದಲ್ಲಿ ಅಲುಗಾಡದೆ ತೇಲುವುದನ್ನು ಕಲಿಯಿರಿ. ಸಾಧ್ಯವಾದರೆ ಪೂರ್ತಿ ತರಬೇತಿ ಪಡೆದೇ ಇಳಿಯಿರಿ. ಆಗದಿದ್ದರೆ ಸ್ನಾರ್ಕೆಲ್ ಹಾಕಿಕೊಂಡು ಮೇಲಿನಿಂದಲೇ ನೋಡಿ. ಯಾವುದೇ ಆಗಲಿ, ಫೋಟೊ ಬೇಡ ಎಂದು ಹತ್ತುವ ಮೊದಲೇ ದೋಣಿಯವರಿಗೆ ಹೇಳಿಬಿಡಿ.