ಬರೆಸಿದ ಕಷ್ಟ, ಬರೆಯಗೊಡದ ಕಷ್ಟ

ಲೇಖಕನ ಬದುಕು ಅವನ ಕೃತಿಯನ್ನು ರೂಪಿಸುತ್ತದೆ ಎಂಬುದನ್ನು ಓದುಗರೆಲ್ಲರೂ ಒಪ್ಪುತ್ತಾರೆ. ಆದರೆ ಅದೇ ಮಾತನ್ನು ಹಿಗ್ಗಿಸಿ, ಕಷ್ಟವುಂಡವನೇ ಒಳ್ಳೆಯದನ್ನು ಬರೆಯುತ್ತಾನೆ ಎಂದು ಹೇಳುವವರು ಬರೆದು ಉಳಿದವರ ಪುಸ್ತಕಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿದಿರುತ್ತಾರೆ. ಈ ಲೆಕ್ಕ ಎಷ್ಟು ಸರಿ ಎಂದು ಪರೀಕ್ಷಿಸಲು ಆಂಧ್ರದ ಅನಂತಪುರ ಸೀಮೆಯ ರಾಯದುರ್ಗ, ಮಡಕಶಿರಾಗಳಿಗಿಂತ ತಕ್ಕ ಜಾಗ ಸಿಗುವುದು ಕಷ್ಟ.

ಪಶ್ಚಿಮಘಟ್ಟದ ಮಳೆನೆರಳಿನಲ್ಲಿ, ಅಂದರೆ ಮುಂಗಾರಿನ ಮೋಡಗಳು ಘಟ್ಟದಲ್ಲೇ ಸುರಿದು ಬರಿದಾಗಿ ಬರುವ ಪ್ರದೇಶದಲ್ಲಿ, ಇರುವ ಈ ಸೀಮೆಗೆ ಪೂರ್ವ ಕರಾವಳಿಯೂ ದೂರವಾದ್ದರಿಂದ ಹಿಂಗಾರನ್ನೂ ನೆಚ್ಚುವಂತಿಲ್ಲ. ವರ್ಷದ ಸರಾಸರಿ ಮಳೆ ಸುಮಾರು 550 ಮಿಲಿಮೀಟರ್. ಇಲ್ಲಿನ ಮುಖ್ಯ ಬೆಳೆ ಶೇಂಗಾ. ಹೂವು ಬಾಡಿದ ಮೇಲೆ ಅದರ ಬುಡದಿಂದ ಹೊರಟ ಸೂಜಿಯಂಥ ಎಳೆಯೊಂದು ಮಣ್ಣಿಗಿಳಿದು ಒಳಗೆ ಕಾಯಿ ಕಟ್ಟಬೇಕು. ಆ ಹೊತ್ತಿಗೆ ಮಳೆ ಕೈಕೊಟ್ಟರೆ ಕೆಂಪು ನೆಲ ಬಿಗಿದು ಎಳೆ ಒಳಗಿಳಿಯುವುದಿಲ್ಲ, ಗಿಡ ಹಸಿರಾಗಿ ಕಂಡರೂ ಕಿತ್ತಾಗ ಬುಡದಲ್ಲಿ ಕಾಯಿ ಇರುವುದಿಲ್ಲ. ಯುದ್ಧಕ್ಕೂ ನೆರೆಗೂ ಇರುವಂತೆ ಇಂಥ ಕಷ್ಟಕ್ಕೆ ತಾರೀಖಿಲ್ಲದಿರುವುದರಿಂದ, ಅದನ್ನು ಕಥೆಯ ಹದಕ್ಕೆ ತರುವುದು ಬರಹಗಾರನಿಗೆ ಸುಲಭದ ಕೆಲಸವಲ್ಲ.

ಅದನ್ನು ಕಾವ್ಯಕ್ಕೆ ತಂದವರು ಇದೇ ಜಿಲ್ಲೆಯ ತರಿಮೆಲದಲ್ಲಿ 1915ರಲ್ಲಿ ಹುಟ್ಟಿದ ತೆಲುಗು ಕವಿ ವಿದ್ವಾನ್ ವಿಶ್ವಂ. ನಂದಿ ಬೆಟ್ಟಗಳ ಕಡೆಯಿಂದ ಹರಿದು ಬರುವ ಉತ್ತರ ಪಿನಾಕಿನಿಯನ್ನು ತೆಲುಗರು ಪೆನ್ನೇರು ಎನ್ನುತ್ತಾರೆ. ಆ ನದಿಯ ಹೆಸರಿನಲ್ಲೇ ಬಂದ ‘ಪೆನ್ನೇಟಿ ಪಾಟ’ ರಂಗಡು, ಗಂಗಮ್ಮ ಎಂಬ ಬಡ ದಂಪತಿಯ ಹಸಿವನ್ನು ಹಾಡುತ್ತದೆ. ಕವಿ ವಿದ್ವಾಂಸರು, ಪತ್ರಿಕಾ ಸಂಪಾದಕರು. ಕಾವ್ಯದ ಹಸಿವು ನೆರೆಮನೆಯದು. ಸ್ವಂತ ಸಂಕಟವೇ ಸಾಹಿತ್ಯದ ಏಕೈಕ ಬಂಡವಾಳ ಎನ್ನುವವರಿಗೆ ಈ ಕೃತಿಯೊಂದೇ ಸಾಕಷ್ಟು ಉತ್ತರ.

ಕನ್ನಡದ ಮಟ್ಟಿಗೆ ಈ ಸೀಮೆಯ ಕಷ್ಟಕ್ಕೆ ಬರಗಾಲದ ಜೊತೆಗೆ ಗಡಿಯೂ ಸೇರಿಕೊಂಡಿತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಹಳೆಯ ಬಳ್ಳಾರಿ ಜಿಲ್ಲೆ ಒಡೆದು, ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು; ಮೂರು ಕಡೆ ಕರ್ನಾಟಕವನ್ನೇ ಹೊದ್ದುಕೊಂಡಂತಿರುವ ಮಡಕಶಿರಾ ಅನಂತಪುರ ಜಿಲ್ಲೆಯಲ್ಲೇ ಉಳಿಯಿತು. ಅದೇ 1953ರಲ್ಲಿ ಬಳ್ಳಾರಿ ಸೀಮೆಯ ಕೊಟ್ಟೂರಿನಲ್ಲಿ ಹುಟ್ಟಿದ ಕುಂ. ವೀರಭದ್ರಪ್ಪನವರು ಹೊಟ್ಟೆಪಾಡಿಗಾಗಿ ಆ ಗಡಿಗೆರೆಯನ್ನು ದಾಟಿ, ಆಂಧ್ರದ ವಾಗಿಲಿಯಂಥ ಊರುಗಳ ಕನ್ನಡ ಶಾಲೆಗಳಲ್ಲಿ ಮೇಷ್ಟರಾದರು. ಭೂಮಾಲೀಕರ ಎರಡು ಬಣಗಳು ತಲೆಮಾರುಗಟ್ಟಲೆ ಹಗೆ ಸಾಧಿಸುವ, ಅಲ್ಲಿಯವರು ಫ್ಯಾಕ್ಷನ್ ಎಂದೇ ಕರೆಯುವ ಹಿಂಸೆಯನ್ನು ಅವರು ಹತ್ತಿರದಿಂದ ಕಂಡರು. ತೆಲುಗು ಬೆರೆತ ಕನ್ನಡ, ಬೈಗುಳ, ಜಾತ್ರೆ, ಪವಾಡಗಳೆಲ್ಲ ಅವರ ಗದ್ಯದೊಳಗೆ ನುಗ್ಗಿ ಬಂದದ್ದು ಈ ನೌಕರಿಯ ದಾರಿಯಿಂದ. ಸಿನಿಮಾ ಟಾಕೀಸಿನ ಅಗ್ಗದ ನೆಲದ ದರ್ಜೆಯ ಹೆಸರನ್ನೇ ಹೊತ್ತ ಅವರ ಆತ್ಮಕಥೆ ‘ಗಾಂಧಿ ಕ್ಲಾಸು’ ಈ ಬದುಕನ್ನು ಮುಚ್ಚುಮರೆಯಿಲ್ಲದೆ ತೋಡಿಕೊಳ್ಳುತ್ತದೆ. ಆದರೂ ಅದಕ್ಕಿಂತ ದೊಡ್ಡ ಕೃತಿ, 2007ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಅರಮನೆ’. ನಿಜಾಮನು 1800ರಲ್ಲಿ ಬ್ರಿಟಿಷರಿಗೆ ಬಿಟ್ಟುಕೊಟ್ಟ ಬಳ್ಳಾರಿ, ಅನಂತಪುರ, ಕಡಪ ಮುಂತಾದ ಸೀಮೆಗಳಿಗೆ ದತ್ತ ಮಂಡಲ ಎಂದು ಹೆಸರು. ಅಲ್ಲಿ 1800ರಿಂದ 1807ರವರೆಗೆ ಕಲೆಕ್ಟರಾಗಿದ್ದ ಥಾಮಸ್ ಮನ್ರೋನನ್ನೂ ಕುಸಿಯುತ್ತಿರುವ ಪಾಳೆಯಗಾರಿಕೆಯನ್ನೂ ಜನಪದರ ಧಾಟಿಯಲ್ಲಿ ಹೇಳುವ ಈ ಕಾದಂಬರಿಯಲ್ಲಿ ಲೇಖಕರ ಸ್ವಂತ ನೋವು ಒಂದು ಸೀಮೆಯ ಚರಿತ್ರೆಯೊಳಗೆ ಗುರುತು ಸಿಗದಷ್ಟು ಕರಗಿಹೋಗಿದೆ, ಅದರ ಬಲ ಇರುವುದೂ ಆ ಕರಗುವಿಕೆಯಲ್ಲೇ.

‘ಪೆನ್ನೇಟಿ ಪಾಟ’, ‘ಅರಮನೆ’ ಎರಡೂ ಬರೆಸಿದ ಕಷ್ಟದ ನಿದರ್ಶನಗಳು. ಬರೆಯಗೊಡದ ಕಷ್ಟವೂ ಇದೇ ಸೀಮೆಯಲ್ಲಿದೆ. ಮಡಕಶಿರಾದ ಪಕ್ಕದ ಹೇಮಾವತಿ, ಶಾಸನಗಳ ಹೆಂಜೇರು, ನೊಳಂಬರ ರಾಜಧಾನಿಯಾಗಿದ್ದ ಊರು; ಸಾವಿರ ವರ್ಷಗಳ ಹಿಂದೆಯೇ ಈ ನೆಲದ ಕಲ್ಲುಗಳ ಮೇಲೆ ಕನ್ನಡ ಬರೆಯಲಾಗಿತ್ತು. ಇಂದು ಅದೇ ತಾಲ್ಲೂಕಿನ ಮಗು ಮನೆಯಲ್ಲಿ ಕನ್ನಡ ಆಡಿ, ಕಚೇರಿಯಲ್ಲಿ ತೆಲುಗಿನ ಅರ್ಜಿ ಹಿಡಿದು, ಓದು ಮುಂದುವರಿಸಬೇಕೆಂದರೆ ಒಂದೋ ಮಾಧ್ಯಮ ಬದಲಿಸಬೇಕು, ಇಲ್ಲವೇ ಪಾವಗಡಕ್ಕೋ ಶಿರಾಕ್ಕೋ ಬಸ್ಸು ಹತ್ತಬೇಕು. ರಾಯದುರ್ಗದ ಮಗುವಿಗೆ ಹಾಗೆ ಹೋಗಬೇಕಾದ ಊರು ಬಳ್ಳಾರಿ. ರಾಯದುರ್ಗದ ನೆರೆಯ ಕಲ್ಯಾಣದುರ್ಗ ಸೀಮೆಯಲ್ಲಿ 1893ರಲ್ಲಿ ಹುಟ್ಟಿದ ರಾಳ್ಳಪಲ್ಲಿ ಅನಂತಕೃಷ್ಣ ಶರ್ಮರು ಮೈಸೂರು ಸೇರಿ, ಮಹಾರಾಜಾ ಕಾಲೇಜಿನ ನೆರಳಿನಲ್ಲಿ ನಿಂತು, ತೆಲುಗು ಕನ್ನಡ ಎರಡರಲ್ಲೂ ಬರೆದರು. ಹಾಗೆ ಹೋಗಲಾರದವರ ಹೆಸರು ಯಾವ ಸಾಹಿತ್ಯ ಚರಿತ್ರೆಯಲ್ಲೂ ಇಲ್ಲ. ವೀರಭದ್ರಪ್ಪನವರು ಪಾಠ ಹೇಳಿದ ಗಡಿನಾಡಿನ ಮಕ್ಕಳಲ್ಲಿ ಕೆಲವರಿಗಾದರೂ ಕನ್ನಡದ ಓದು ಕೊನೆಯವರೆಗೆ ದಕ್ಕಿದ್ದರೆ, ಮೇಷ್ಟರ ಕುರ್ಚಿಯಿಂದ ಕಂಡ ಅದೇ ಊರುಗಳನ್ನು ತರಗತಿಯ ನೆಲದ ಮೇಲೆ ಕೂತವರು ಹೇಗೆ ಕಂಡರೆಂಬುದೂ ಕನ್ನಡಕ್ಕೆ ತಿಳಿಯುತ್ತಿತ್ತು.