ಗೇರ್ ಮರೆಸಿದ ಬೆಲ್ಟ್

ಅಂಧೇರಿ-ಕುರ್ಲಾ ರಸ್ತೆಯಲ್ಲಿ ಸಂಜೆ ಹೊತ್ತು ಹತ್ತು ಮಾರು ಹೋಗುವುದು, ನಿಲ್ಲುವುದು, ಮತ್ತೆ ಹತ್ತು ಮಾರು. ಇಂಥ ಮುಂಬಯಿಯಲ್ಲಿ ಕ್ಲಚ್ ಹಿಡಿದು ಸೋತ ಎಡಗೈಗೆ ಬಿಡುವು ಕೊಟ್ಟ ಪುಣ್ಯ ಸ್ಕೂಟರಿನ ಸಿವಿಟಿಗೆ, ಅಂದರೆ ಹಂತಗಳಿಲ್ಲದೆ ತಾನೇ ಗೇರ್ ಬದಲಿಸಿಕೊಳ್ಳುವ ಏರ್ಪಾಡಿಗೆ, ಸಲ್ಲಬೇಕು.

ಗೇರ್‌ಲೆಸ್ ಸ್ಕೂಟರಿನ ಎಡಬದಿಯ ಕವರ್ ಬಿಚ್ಚಿದರೆ ಕಾಣುವುದು ಮುಖ್ಯವಾಗಿ ಎರಡು ಪುಲ್ಲಿ, ಒಂದು ರಬ್ಬರ್ ಬೆಲ್ಟ್. ಎಂಜಿನ್ ವೇಗ ಹಿಡಿದಂತೆ ಮುಂದಿನ ಪುಲ್ಲಿಯೊಳಗಿನ ರೋಲರ್‌ಗಳು ಅಂಚಿಗೆ ಸರಿದು ಅದರ ಎರಡು ತಟ್ಟೆಗಳನ್ನು ಹತ್ತಿರ ತರುತ್ತವೆ. ಬೆಲ್ಟ್ ಅಲ್ಲಿ ಮೇಲೇರುತ್ತದೆ. ಹಿಂದಿನ ಪುಲ್ಲಿಯಲ್ಲಿ ಸ್ಪ್ರಿಂಗನ್ನು ಮಣಿಸಿ ಒಳಕ್ಕಿಳಿಯುತ್ತದೆ. ಮೊದಲ ಗೇರಿನಿಂದ ಕೊನೆಯದರವರೆಗಿನ ಎಲ್ಲ ಹಂತಗಳೂ ಹೀಗೆ ಜರ್ಕ್ ಇಲ್ಲದೆ ದಾಟಿಹೋಗುತ್ತವೆ. ಕಂಪ್ಯೂಟರಿನ ಹಂಗಿಲ್ಲ, ತೂಕ, ತಿರುಗುವ ವೇಗ, ಸ್ಪ್ರಿಂಗ್ ಇಷ್ಟರಲ್ಲೇ ಲೆಕ್ಕ ಮುಗಿಯುತ್ತದೆ.

1958ರಲ್ಲಿ ನೆದರ್ಲೆಂಡ್ಸ್‌ನ ಡಾಫ್ ಕಂಪನಿ ಇದೇ ಉಪಾಯವನ್ನು ಕಾರಿಗೆ ತಂದಿತು. ನಮ್ಮಲ್ಲಿ 1980ರ ದಶಕದ ಕೈನೆಟಿಕ್ ಹೋಂಡಾ ಸ್ಕೂಟರ್ ಇದರ ರುಚಿ ಹತ್ತಿಸಿತು. 2001ರಲ್ಲಿ ಬಂದ ಆಕ್ಟಿವಾ ಮನೆಮನೆಗೆ ಮುಟ್ಟಿಸಿತು. ಇಂದಿನ ಸಿವಿಟಿ ಕಾರುಗಳಲ್ಲಿ ಸಾಮಾನ್ಯವಾಗಿ ಉಕ್ಕಿನ ಬೆಲ್ಟ್ ಇರುತ್ತದೆ. ಎಂಜಿನ್ನನ್ನು ಮಿತವ್ಯಯದ ವೇಗದಲ್ಲೇ ಓಡಿಸಬಹುದು ಎಂಬುದೇ ಅಲ್ಲಿ ಇಂಧನ ಉಳಿಸುವ ಗುಟ್ಟು. ಸ್ಕೂಟರಿನ ರಬ್ಬರ್ ಬೆಲ್ಟ್ ಜಾರುವಿಕೆ, ಬಿಸಿಯಲ್ಲಿ ಕೊಂಚ ಶಕ್ತಿ ತಿನ್ನುತ್ತದೆ, ನಿಜ. ಆದರೂ ನಿಂತು ನಿಂತು ಸಾಗುವ ಊರಿಗೆ ಇದು ಹೇಳಿಮಾಡಿಸಿದ ಸರಳ ಏರ್ಪಾಡು.

ಸರ್ವಿಸಿಗೆ ಬಿಟ್ಟಾಗ ಎಣ್ಣೆಯ ಜೊತೆಗೆ ಬೆಲ್ಟನ್ನೂ ನೋಡಲು ಹೇಳಿ. ಬಿರುಕು ಕಂಡರೆ ತಡಮಾಡದೆ ಬದಲಾಯಿಸಿ. ಬೆಲ್ಟ್ ಹರಿದರೆ ವಾಶಿ ಸೇತುವೆಯ ಮೇಲೂ ಗಾಡಿ ತಳ್ಳುವುದೇ ಗತಿ.