ಕುಬ್ಜರ ಕೋಟೆಯಲ್ಲಿ ಹೆಣ ಹೊರುವವರು

ಕಂಪ್ಯೂಟರ್ ಆಟವೊಂದನ್ನು ದಲಿತ ವಿಮರ್ಶೆಯ ಸಂಚಿಕೆಗೆ ಯಾಕೆ ತರಬೇಕು ಎಂದು ಗೆಳೆಯರು ಕೇಳಬಹುದು. ಕಾವ್ಯ, ಕಾದಂಬರಿ, ಪುರಾಣಗಳೊಳಗಿನ ಯಜಮಾನಿಕೆಯನ್ನು ಬಯಲಿಗೆಳೆಯುವ ಕೆಲಸವೇ ಇನ್ನೂ ಮುಗಿದಿಲ್ಲ, ಇದೊಂದು ಬೇರೆ ಬೇಕಿತ್ತಾ ಅನ್ನಬಹುದು. ಆದರೆ ನಮ್ಮ ಹುಡುಗರು ಇವತ್ತು ಊರು ಕಟ್ಟುವುದನ್ನು, ಜನಕ್ಕೆ ಕೆಲಸ ಹಂಚುವುದನ್ನು, ಸತ್ತವರನ್ನು ಮಣ್ಣು ಮಾಡುವುದನ್ನು ಇಂಥ ಆಟಗಳಲ್ಲಿ ಮಾಡಿ ನೋಡುತ್ತಿದ್ದಾರೆ. ಒಂದು ಸಮಾಜ ಹೇಗೆ ನಡೆಯುತ್ತದೆ ಎಂಬ ಕಲ್ಪನೆಯನ್ನು ಕಾದಂಬರಿ ಕೊಡುವಂತೆ ಇವೂ ಕೊಡುತ್ತವೆ. ಹಾಗಾಗಿ ಇವನ್ನೂ ಓದಲೇಬೇಕು.

ನಾನು ಹೇಳುತ್ತಿರುವುದು 'ಡ್ವಾರ್ಫ್ ಫೋರ್ಟ್ರೆಸ್' ಎಂಬ ಆಟದ ಬಗ್ಗೆ. ಅಮೆರಿಕದ ಟಾರ್ನ್ ಆಡಮ್ಸ್, ಝಾಕ್ ಆಡಮ್ಸ್ ಎಂಬ ಅಣ್ಣತಮ್ಮಂದಿರು ಕಟ್ಟಿದ ಇದು ಮೊದಲು ಹೊರಬಂದದ್ದು 2006ರಲ್ಲಿ. ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ 2012ರಲ್ಲಿ ಇದನ್ನು ತನ್ನ ಸಂಗ್ರಹಕ್ಕೆ ಆರಿಸಿಕೊಂಡಿತು. 2022ರಲ್ಲಿ ಚಿತ್ರಗಳ ಸಮೇತ ಹೊಸ ರೂಪದಲ್ಲಿ ಮಾರಾಟಕ್ಕೆ ಬಂತು. ಏಳು ಜನ ಕುಬ್ಜರು ಒಂದು ಬಂಡಿಯೊಂದಿಗೆ ಬಂದು, ಬೆಟ್ಟ ಕೊರೆದು, ನೆಲದೊಳಗೆ ಊರು ಮಾಡಿಕೊಳ್ಳುತ್ತಾರೆ. ಯಾರು ಕಲ್ಲು ಒಡೆಯಬೇಕು, ಯಾರು ಅಡುಗೆ ಮಾಡಬೇಕು, ಯಾರು ಹೆಣ ಎತ್ತಬೇಕು ಎಂಬುದನ್ನೆಲ್ಲ ಆಡುವವನೇ ಗೊತ್ತುಮಾಡುತ್ತಾನೆ.

ಈ ಆಟದಲ್ಲಿ ಸಾವಿಗೆ ಒಂದು ಮರ್ಯಾದೆ ಇದೆ. ಸತ್ತವರಿಗೆ ಪೆಟ್ಟಿಗೆ ಮಾಡಿ ಇಡಬೇಕು. ಹೆಣ ಸಿಗದಿದ್ದರೆ ಹೆಸರು ಕೆತ್ತಿದ ಕಲ್ಲನ್ನಾದರೂ ನೆಡಬೇಕು. ಇವೆರಡೂ ಆಗದಿದ್ದರೆ ಸತ್ತವರು ದೆವ್ವವಾಗಿ ಬಂದು ಊರನ್ನು ಕಾಡುತ್ತಾರೆ. ಇಲ್ಲಿ ದೊರೆ ಸತ್ತರೂ ಒಂದೇ, ಸೊಪ್ಪು ಕೀಳುವವನು ಸತ್ತರೂ ಒಂದೇ. ಇಬ್ಬರೂ ತಮ್ಮ ಪಾಲಿನ ಕಲ್ಲನ್ನು ಕೇಳಿ ಪಡೆಯುತ್ತಾರೆ. ಸತ್ತ ಮೇಲೂ ಹೂಳಲು ಜಾಗ ಸಿಗದೆ ತಾಲ್ಲೂಕು ಕಚೇರಿಯ ಮುಂದೆ ಹೆಣವಿಟ್ಟು ಕೂತವರ ಕತೆ ಕೇಳಿ ಬೆಳೆದ ನನ್ನಂಥವನಿಗೆ ಇದು ಸಣ್ಣ ಮಾತಲ್ಲ.

ಇದೇ ಆಟಕ್ಕೆ 2020ರ ಆವೃತ್ತಿಯಲ್ಲಿ ಪುರೋಹಿತರು ಬಂದರು. ಭಕ್ತರು ಗುಡಿ ಕೇಳುತ್ತಾರೆ. ಗುಡಿಯ ಬೆಲೆ ಸಾಕಷ್ಟು ಏರಿದರೆ ಅದಕ್ಕೊಬ್ಬ ಪುರೋಹಿತ ನೇಮಕವಾಗುತ್ತಾನೆ, ಪ್ರವಚನ ಮಾಡುತ್ತಾನೆ. ಆದರೆ ಅವನಿಗೂ ಹೆಣಕ್ಕೂ ಸಂಬಂಧವಿಲ್ಲ. ಪೆಟ್ಟಿಗೆಯೊಳಗೆ ಹೆಣ ಇಡುವಾಗ ಯಾರೂ ಸೇರುವುದಿಲ್ಲ, ಯಾರೂ ಒಂದು ಮಾತಾಡುವುದಿಲ್ಲ. ಹಾಗಾಗಿ ಅಂತ್ಯಸಂಸ್ಕಾರದ ವಿಧಿ ಬೇಕು, ಅದನ್ನು ಪುರೋಹಿತ ನಡೆಸಬೇಕು ಎಂಬ ಬಯಕೆ ಹುಟ್ಟುವುದು ಸಹಜ. 'ರಿಮ್‌ವರ್ಲ್ಡ್' ಎಂಬ ಇನ್ನೊಂದು ಆಟದಲ್ಲಿ 2021ರ 'ಐಡಿಯಾಲಜಿ' ವಿಸ್ತರಣೆಯ ಹೊತ್ತಿಗೆ ಇದು ಆಗಿಹೋಗಿದೆ. ಅಲ್ಲಿ ಅಂತ್ಯಸಂಸ್ಕಾರವೂ ಉಂಟು, ಧರ್ಮ ಹೇಳುವವನ ಹುದ್ದೆಯೂ ಉಂಟು. ಕುಣಿ ತೋಡುವವನ ಹುದ್ದೆ ಮಾತ್ರ ಇಲ್ಲ. ನನ್ನ ತಕರಾರು ಇರುವುದು ಇಲ್ಲೇ.

ತಕರಾರನ್ನು ಬೇರೆಯವರ ಮೇಲೆ ಹೊರಿಸುವ ಮುಂಚೆ ನಾನು ಮಾಡಿದ್ದನ್ನು ಹೇಳಬೇಕು. ಹೆಣ ಕಂಡ ಕುಬ್ಜರು ಮಂಕಾಗುತ್ತಾರೆ. ಆ ನೆನಪು ವರ್ಷಗಟ್ಟಲೆ ಕಾಡುತ್ತದೆ, ಕೆಲವರು ಹುಚ್ಚಾಗುತ್ತಾರೆ. ನೋಡಿ ನೋಡಿ ಕಲ್ಲಾದವರಿಗೆ ಮಾತ್ರ ಏನೂ ಅನ್ನಿಸುವುದಿಲ್ಲ. ನನ್ನ ಕೋಟೆಯಲ್ಲಿ ಸಾವು ಹೆಚ್ಚಾದಾಗ ನಾನೊಂದು ಉಪಾಯ ಮಾಡಿದೆ. ಕಲ್ಲಾಗಿದ್ದ ಇಬ್ಬರನ್ನು ಆರಿಸಿ ಹೆಣದ ಕೆಲಸವನ್ನು ಅವರಿಗಷ್ಟೇ ಕೊಟ್ಟೆ, ಉಳಿದವರ ಹೆಸರು ತೆಗೆದೆ. ನಡೆಯುವ ದೂರ ಉಳಿಯಲಿ ಎಂದು ಅವರ ಮಲಗುವ ಕೋಣೆಗಳನ್ನು ಮಸಣದ ಪಕ್ಕಕ್ಕೆ ಹಾಕಿದೆ. ವಾಸನೆ ಊರಿಗೆ ಬಾರದಿರಲಿ ಎಂದು ನಡುವೆ ಬಾಗಿಲಿಟ್ಟೆ. ಊರು ಸುಖವಾಯಿತು. ಗುಡಿಯಲ್ಲಿ ಪುರೋಹಿತನ ಪ್ರವಚನ ನಡೆಯಿತು.

ನಾನು ಕಟ್ಟಿದ್ದು ಕೇರಿ ಅಂತ ಗೊತ್ತಾಗಿದ್ದು ಆ ಇಬ್ಬರಲ್ಲಿ ಒಬ್ಬ ಸತ್ತಾಗ. ಇನ್ನೊಬ್ಬ ಗಾಯಗೊಂಡು ಆಸ್ಪತ್ರೆಯಲ್ಲಿ ಬಿದ್ದಿದ್ದ. ಹೆಣ ಹೊರುವವನ ಹೆಣ ಹೊರಲು ಇಡೀ ಕೋಟೆಯಲ್ಲಿ ಯಾರೂ ಇರಲಿಲ್ಲ. ಜನ ಅವನನ್ನು ದಾಟಿಕೊಂಡೇ ಓಡಾಡಿದರು. ಹೆಣ ಕೊಳೆಯಿತು. ಕೊನೆಗೆ ಅವನ ದೆವ್ವ ಎದ್ದು ಬಂತು.

ನಮ್ಮಪ್ಪ ಊರಿನ ಕುಣಿ ತೋಡುತ್ತಿದ್ದವನು. ಸಾವಾದ ಮನೆಯ ಆಳು ಕೇರಿಯ ಬಾಯಲ್ಲಿ ನಿಂತು ಕೂಗುತ್ತಿದ್ದ, "ಏಯ್, ಗುದ್ಲಿ ತಗೊಂಡು ಬಾರ್ಲಾ" ಅಂತ. ಬೇರೂರಿನ ನೆಂಟರಿಗೆ ಸುದ್ದಿ ಮುಟ್ಟಿಸುವುದು, ತಮಟೆ ಬಡಿಯುವುದು, ಕುಣಿ ತೋಡುವುದು ಎಲ್ಲಾ ನಮ್ಮೋರದ್ದೇ. ಕುಣಿ ಆದ ಮೇಲೆ ಐನೋರು ಬರುತ್ತಿದ್ದರು. ಆಗ ಅಪ್ಪ ತಾನೇ ತೋಡಿದ ಕುಣಿಯಿಂದ ದೂರ ಹೋಗಿ ನಿಲ್ಲಬೇಕಿತ್ತು. ಜನರ ಬಾಯಲ್ಲಿ ಉಳಿಯುತ್ತಿದ್ದದ್ದು "ಐನೋರು ಚೆನ್ನಾಗಿ ಮಾಡ್ಸಿದ್ರು" ಅನ್ನುವ ಮಾತು. ಈ ಬಿಟ್ಟಿ ಚಾಕರಿಯನ್ನು ನಮ್ಮ ಕೇರಿಯ ಹುಡುಗರು ಬಿಡಿಸಿದರು. ಅದಕ್ಕೆ ಕೇರಿ ಬಹಿಷ್ಕಾರದ ಬೆಲೆ ಕೊಟ್ಟಿತು. ಅಂಥ ಅಪ್ಪನ ಮಗ ನಾನು, ಅನುಕೂಲಕ್ಕೆಂದು ಅದನ್ನೇ ಮಾಡಿದೆ.

ಆಟ ಮಾಡಿದವರು ಅದರೊಳಗೆ ಜಾತಿ ಇಟ್ಟಿಲ್ಲ, ಇದು ನಿಜ. ಯಾರು ಬೇಕಾದರೂ ಹೆಣ ಎತ್ತಬಹುದು, ಎತ್ತಿದವನಿಗೆ ಮೈಲಿಗೆ ಇಲ್ಲ, ಅವನ ಮಗ ಅದನ್ನೇ ಮಾಡಬೇಕೆಂದಿಲ್ಲ. ಜಾತಿ ಎಂಬುದು ಬರೀ ಶ್ರಮದ ವಿಭಜನೆಯಲ್ಲ, ಶ್ರಮಿಕರ ವಿಭಜನೆ ಎಂದು ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ತೋರಿಸಿದ್ದರು. ಹುಟ್ಟಿನ ಬೀಗ ಇಲ್ಲದ ಆ ಕೋಟೆಯನ್ನು ನಮ್ಮ ಹಳ್ಳಿಗೆ ಸಮ ಎನ್ನಲಾರೆ. ಆದರೆ ನೋವನ್ನು ಕೆಲವರ ಮೇಲೆ ಗುಡ್ಡೆಹಾಕಿ ಉಳಿದವರು ನೆಮ್ಮದಿಯಾಗಿರುವ ಲೆಕ್ಕಾಚಾರ ಎರಡೂ ಕಡೆ ಒಂದೇ. ಈ ಲೆಕ್ಕಾಚಾರದ ಮೇಲೆ ಪುರೋಹಿತನ ಪಾವಿತ್ರ್ಯ ಬಂದು ಕೂತರೆ ಅನುಕೂಲವೇ ಧರ್ಮವಾಗುತ್ತದೆ. ನನ್ನ ಭಯ ಅದು.

ಕನ್ನಡದ ಓದುಗರಿಗೆ ಅಂತ್ಯಸಂಸ್ಕಾರ ಎಂದ ಕೂಡಲೇ ಅನಂತಮೂರ್ತಿಯವರ 1965ರ 'ಸಂಸ್ಕಾರ' ನೆನಪಾಗುತ್ತದೆ. ಅಗ್ರಹಾರದಲ್ಲಿ ನಾರಣಪ್ಪನ ಹೆಣ ಕೊಳೆಯುತ್ತಿದೆ, ಸಂಸ್ಕಾರ ಮಾಡುವ ಅಧಿಕಾರ ಯಾರದು ಎಂದು ಶಾಸ್ತ್ರ ಹುಡುಕುತ್ತಿದ್ದಾರೆ. ಕಡೆಗೆ ಸುಟ್ಟಿದ್ದು ಚಂದ್ರಿ ಮತ್ತು ಅವಳು ಕರೆತಂದ ಮುಸ್ಲಿಂ ಮೀನು ವ್ಯಾಪಾರಿ. ಪುರೋಹಿತಶಾಹಿಯ ಮೇಲೆ ಇದಕ್ಕಿಂತ ದೊಡ್ಡ ಏಟಿಲ್ಲ ಎಂದು ನಮ್ಮ ವಿಮರ್ಶೆ ಕೊಂಡಾಡಿತು. ಅದೇ ಕಾದಂಬರಿಯ ಕೇರಿಯಲ್ಲೂ ಜನ ಸಾಯುತ್ತಾರೆ. ಅವರನ್ನು ಗುಡಿಸಲ ಸಮೇತ ಸುಡುತ್ತಾರೆ. ಆ ಸಾವು ಅಗ್ರಹಾರದ ಯಾರಿಗೂ ಧರ್ಮಸಂಕಟ ತರುವುದಿಲ್ಲ. ವಿಧಿಯ ಚರ್ಚೆ ನಡೆದಾಗಲೆಲ್ಲ 'ಅಧಿಕಾರ ಯಾರದು' ಎಂಬ ಪ್ರಶ್ನೆ ಮುಂದೆ ಬರುತ್ತದೆ, 'ಎತ್ತೋರು ಯಾರು' ಎಂಬುದು ಹಿಂದೆ ಉಳಿಯುತ್ತದೆ. ಆಟಕ್ಕೆ ವಿಧಿ ಸೇರಿಸುವವರೂ ಇದೇ ದಾರಿಯಲ್ಲಿದ್ದಾರೆ ಎಂಬುದು ನನ್ನ ಅನುಮಾನ.

ನಮ್ಮ ಕಾನೂನು ಮಾತ್ರ ಎರಡನೆಯ ಪ್ರಶ್ನೆಯನ್ನು ಕೇಳಿತು. ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿಯಾಗಿ, ಅದು 2016ರ ಜನವರಿ 26ರಿಂದ ಜಾರಿಗೆ ಬಂತು. ಪರಿಶಿಷ್ಟರಿಂದ ಹೆಣ ಹೊರಿಸುವುದು, ಸತ್ತ ದನ ಎತ್ತಿಸುವುದು, ಕುಣಿ ತೋಡಿಸುವುದು ಅಪರಾಧ ಎಂದು ಅದು ಬಿಡಿಸಿ ಹೇಳುತ್ತದೆ. ಸ್ಮಶಾನವನ್ನು ಎಲ್ಲರಂತೆ ಬಳಸಲು ಬಿಡದಿರುವುದನ್ನೂ ಅಪರಾಧದ ಪಟ್ಟಿಗೆ ಸೇರಿಸಿದೆ. ಇಷ್ಟು ಸ್ಪಷ್ಟವಾಗಿ ಬರೆಯಬೇಕಾಗಿ ಬಂತು ಎಂದರೆ, ಬರೆಯದೆ ಬಿಟ್ಟರೆ ಆ ಕೆಲಸ ಯಾರ ಹೆಗಲಿಗೆ ಬೀಳುತ್ತದೆ ಎಂಬುದು ಗೊತ್ತಿದ್ದೇ ಬರೆದದ್ದು.

ವಿಧಿಯೇ ಬೇಡ ಎನ್ನುವವನಲ್ಲ ನಾನು. ನಮ್ಮ ಕೇರಿಯಲ್ಲೂ ಸತ್ತವರಿಗೆ ಹಾಡಿದ್ದೇವೆ, ಮೂರನೇ ದಿನ ಹಾಲುತುಪ್ಪ ಬಿಟ್ಟಿದ್ದೇವೆ. ಮಾತಿಲ್ಲದೆ ಮಣ್ಣಿಗಿಡುವುದು ದುಃಖದ ಸಂಗತಿಯೇ. ಕುಬ್ಜರಿಗೂ ಅಳಲು ಒಂದು ಹೊತ್ತು, ಒಂದು ಜಾಗ ಬೇಕು. ಆದರೆ ವಿಧಿಯನ್ನು ಕಟ್ಟುವವರು ಗುಡಿಯ ಬೆಲೆಯಿಂದ ಶುರುಮಾಡದೆ ಹೆಣದಿಂದ ಶುರುಮಾಡಲಿ. ಹೊರುವ ಸರದಿ ಎಲ್ಲರಿಗೂ ಬರಲಿ, ಪುರೋಹಿತನಿಗೂ ಬರಲಿ. ಒಲ್ಲೆ ಎನ್ನುವ ಹಕ್ಕಿರಲಿ. ಕುಣಿ ತೋಡಿದವರು ದೂರ ನಿಲ್ಲದೆ ಮುಂದೆ ನಿಲ್ಲಲಿ, ಮೊದಲ ಮಾತು ಅವರದಾಗಲಿ. ಕೆತ್ತುವ ಕಲ್ಲಿನಲ್ಲಿ ಸತ್ತವನ ಹೆಸರಿನ ಕೆಳಗೆ ಹೊತ್ತವರ ಹೆಸರೂ ಬರಲಿ. ನಿಯಮಗಳಿಂದಲೇ ಊರು ಕಟ್ಟಬಲ್ಲವರಿಗೆ ಇದು ಕಷ್ಟದ ಕೆಲಸವಲ್ಲ.

ಆ ದೆವ್ವಕ್ಕೆ ಕಲ್ಲು ಕೆತ್ತಿಸಿ ನೆಟ್ಟೆ. ಆಮೇಲೆ ಹೆಣದ ಕೆಲಸಕ್ಕೆ ಎಲ್ಲರ ಹೆಸರನ್ನೂ ಸೇರಿಸಿದೆ, ನಡುವೆ ಇಟ್ಟಿದ್ದ ಬಾಗಿಲು ತೆಗೆಸಿದೆ. ಕೋಟೆ ಮೊದಲಿನಷ್ಟು ಸುಖವಾಗಿಲ್ಲ. ಅಕ್ಕಸಾಲಿಗ ಮಂಕಾಗಿದ್ದಾನೆ, ಅಡುಗೆಯವಳು ಕೆಲಸದ ನಡುವೆ ನಿಂತುಬಿಡುತ್ತಾಳೆ. ಇಬ್ಬರ ಮೇಲೆ ಹೊರಿಸಿದ್ದ ಭಾರ ಈಗ ಎಲ್ಲರ ಮೈಮೇಲೂ ಕಾಣಿಸುತ್ತಿದೆ. ಹಾಗೇ ಆಡುತ್ತಿದ್ದೇನೆ.